‘ಶಬ್ದವಿಲ್ಲ’ ಎಂಬ ದೂರು

ಅವನನ್ನು ಮೊದಲ ಸಲ ನಾನು ಹುಡುಕಿಕೊಂಡು ಹೋಗಿದ್ದು ಜಗಳವಾಡುವುದಕ್ಕೆ.

ನಮ್ಮದು ನೀರು ಸರಬರಾಜು ಕಚೇರಿ. ನಾನು ದೂರು ವಿಭಾಗದಲ್ಲಿ ಫೋನ್ ಎತ್ತುವವಳು. ನೀರು ಬರುತ್ತಿಲ್ಲ, ಬಂದರೂ ಕೆಂಪಗಿದೆ, ಪಕ್ಕದ ಮನೆಗೆ ಬರುತ್ತೆ ನಮಗ್ಯಾಕಿಲ್ಲ... ಊರಿನ ಅರ್ಧ ಸಿಟ್ಟು ನನ್ನ ಎಡಗಿವಿಯ ಮೂಲಕವೇ ಹಾದುಹೋಗುತ್ತದೆ. ಎಲ್ಲವನ್ನೂ ಕೇಳಿಸಿಕೊಂಡು ಚೀಟಿ ಬರೆಯುತ್ತೇನೆ: ವಿಳಾಸ, ದೂರು ಏನು, ಎಂದಿನಿಂದ. ಕೆಳಗೆ ‘ಕೈಗೊಂಡ ಕ್ರಮ’ ಎಂದು ಎರಡು ಗೆರೆ ಖಾಲಿ ಇರುತ್ತದೆ. ಅದನ್ನು ತುಂಬುವುದು ಹೊರಗೆ ಹೋಗಿ ನೋಡಿ ಬರುವವರ ಕೆಲಸ.

ಏಳು ವರ್ಷದ ಹಿಂದೆ ಹೊಸದಾಗಿ ಸೇರಿದವನೊಬ್ಬ ನನ್ನ ಹನ್ನೊಂದು ಚೀಟಿಗಳಿಗೂ ಒಂದೇ ಮಾತು ಬರೆದು ವಾಪಸ್ ಕಳಿಸಿದ್ದ. ‘ಶಬ್ದವಿಲ್ಲ.’ ಹನ್ನೊಂದಕ್ಕೂ ಅದೇ. ಚೀಟಿಗಳನ್ನು ಮುಷ್ಟಿಯಲ್ಲಿ ಹಿಡಿದು ನೇರವಾಗಿ ಕೆಳಗಿನ ಶೆಡ್ಡಿಗೆ ಇಳಿದೆ.

“ಏನ್ರೀ ಇದು? ಜನ ನನ್ನ ಪ್ರಾಣ ತಿಂತಾರೆ. ಶಬ್ದವಿಲ್ಲ ಅಂದ್ರೆ ನಾನು ಅವರಿಗೆ ಏನಂತ ಹೇಳ್ಲಿ?”

ಅವನು ಟೀ ಲೋಟ ಕೆಳಗಿಟ್ಟು ಎದ್ದು ನಿಂತ. “ಶಬ್ದ ಇಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ, ಮೇಡಂ. ಪೈಪು ಒಡೆದಿದ್ರೆ ಅದೇ ಹೇಳುತ್ತೆ.”

“ಮತ್ತೆ ನೀರು ಯಾಕೆ ಬರ್ತಿಲ್ಲ?”

“ವಾಲ್ವ್ ತಿರುಗಿಸೋರು ಮರೆತಿರ್ತಾರೆ. ಅದು ನನ್ನ ಕಿವಿಗೆ ಕೇಳಿಸಲ್ಲ.”

ಅವನ ಪಕ್ಕದಲ್ಲಿ ಎದೆಯೆತ್ತರದ ಉಕ್ಕಿನ ಕೋಲೊಂದು ಗೋಡೆಗೆ ಒರಗಿತ್ತು. ಅದರ ತಲೆಗೆ ಅಂಗೈಯಗಲದ ಮರದ ಬಟ್ಟಲು. ಕೋಲಿನ ತುದಿಯನ್ನು ರಸ್ತೆಗೆ ಊರಿ, ಬಟ್ಟಲಿಗೆ ಕಿವಿಯಿಟ್ಟು, ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳುವುದು ಅವನ ಕೆಲಸ. ನನ್ನೊಡನೆ ಮಾತಾಡುವಾಗ ಅವನ ಕಿವಿಗಳು ಕೆಂಪಾಗಿದ್ದವು. ಸ್ವಲ್ಪ ದೊಡ್ಡ ಕಿವಿಗಳೇ. ಬೈಯಲು ಇಟ್ಟುಕೊಂಡಿದ್ದ ಮಾತಿನಲ್ಲಿ ಅರ್ಧ ನನಗೆ ಮರೆತೇಹೋಯಿತು.

ಕಚೇರಿಯಲ್ಲಿ ಎಲ್ಲರೂ ಅವನನ್ನು ಕಿವಿರಾಯ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ, ಅತ್ತೆಯ ಮುಂದೆ ಮಾತ್ರ ‘ರೀ’. ಎಂಟು ತಿಂಗಳು ನನ್ನ ಚೀಟಿಗಳನ್ನು ಓದಿದ ಮೇಲೆ ಒಂದು ದಿನ ಮೆಟ್ಟಿಲ ಮೇಲೆ ತಡೆದು, “ನಿಮ್ಮ ಬರಹ ಓದಿದ್ರೆ ನಿಮ್ಮ ಧ್ವನಿ ಕೇಳಿಸುತ್ತೆ” ಎಂದಿದ್ದ. ಅವನ ಮಟ್ಟಿಗೆ ಅದೇ ಪ್ರೇಮ ನಿವೇದನೆ. ಉಳಿದದ್ದನ್ನೆಲ್ಲ ನಾನೇ ಮಾತಾಡಿ ಮುಗಿಸಿದೆ, ಮದುವೆಯ ದಿನಾಂಕದವರೆಗೂ.

ಅವನ ಜೇಬಿನಲ್ಲಿ ಯಾವಾಗಲೂ ಒಂದು ಹಳದಿ ಸೀಮೆಸುಣ್ಣ ಇರುತ್ತದೆ. ಒಂದೇ ಜಾಗದಲ್ಲಿ ಮೂರು ದಿನ ಒಂದೇ ಶಬ್ದ ಕೇಳಿಸಿದರೆ ಮಾತ್ರ ರಸ್ತೆಯ ಮೇಲೆ ಗುರುತು ಹಾಕುತ್ತಾನೆ, ಆಮೇಲೆ ಅಗೆಯುವವರು ಬರುತ್ತಾರೆ. ಅವಸರಪಟ್ಟು ಗುರುತು ಹಾಕಿದರೆ ಒಳ್ಳೆಯ ರಸ್ತೆ ಹಾಳು. ಅಲ್ಲಿಯವರೆಗೆ ಎಷ್ಟು ಕೇಳಿದರೂ ಬಾಯಿ ಬಿಡುವುದಿಲ್ಲ.

ಆ ನಿಯಮವನ್ನು ಅವನು ಮುರಿದದ್ದು ಒಂದೇ ಸಲ, ಎರಡು ವರ್ಷದ ಹಿಂದೆ. ನಾನು ಬಸುರಿ ಎಂದು ಗೊತ್ತಾದ ಸಂಜೆಯೇ ಹಿಂದಿನ ಕೋಣೆಯಲ್ಲಿ ಮಂಡಿಯೂರಿ ಕೂತು, ತೊಟ್ಟಿಲು ಬರುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಚೌಕ ಎಳೆದ. ಮಾರನೇ ದಿನ ಇಡೀ ಕಚೇರಿಗೆ ಹೇಳಿದ. ಮೂರು ವರ್ಷದಲ್ಲಿ ಆಡುವಷ್ಟು ಮಾತನ್ನು ಮೂರು ವಾರದಲ್ಲಿ ಆಡಿದ. ಹನ್ನೊಂದನೇ ವಾರಕ್ಕೆ ಎಲ್ಲ ಮುಗಿದುಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಆ ಗೆರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದವಳು ನಾನು. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಈಗ ಇಪ್ಪತ್ತೆರಡನೇ ವಾರ. ವಾಂತಿಯ ಕಾಟ ಹೋಗಿ ಹಸಿವಿನ ಕಾಟ ಶುರುವಾಗಿದೆ. ಹನ್ನೆರಡನೇ ವಾರದ ಸ್ಕ್ಯಾನ್‌ನಲ್ಲಿ ಎಲ್ಲ ಚೆನ್ನಾಗಿದೆ ಎಂದ ಡಾಕ್ಟರು, “ಇನ್ನು ನಿಧಾನವಾಗಿ ತಯಾರಿ ಮಾಡ್ಕೊಳ್ಳಿ” ಎಂದರು. ನಾನು ಪಟ್ಟಿ ಮಾಡಿದೆ. ತೊಟ್ಟಿಲು, ಹೊದಿಕೆ, ಮೆತ್ತನೆ ಬಟ್ಟೆಗಳು, ಪುಟ್ಟ ಟೋಪಿ. ತೊಟ್ಟಿಲು ಎಲ್ಲಿಡೋಣ ಎಂದರೆ “ನೋಡೋಣ.” ಗೋಡೆಗೆ ಯಾವ ಬಣ್ಣ? “ನೋಡೋಣ.” ಕೇಳಿ ಕೇಳಿ ನನಗೇ ಬೇಜಾರಾಗಿ ಪಟ್ಟಿಯನ್ನು ಮಡಚಿ ಡಬ್ಬಿಯೊಳಗೆ ಹಾಕಿಟ್ಟೆ.

ಅದರ ಬದಲು ಅವನು ಮನೆಯ ಸದ್ದುಗಳನ್ನು ಒಂದೊಂದಾಗಿ ನಿಲ್ಲಿಸತೊಡಗಿದ. ಮೊದಲು ತೊಟ್ಟಿಕ್ಕುವ ಬಚ್ಚಲ ನಲ್ಲಿಯ ವಾಷರ್ ಬದಲಾಯಿಸಿದ. ಆಮೇಲೆ ಬಾಗಿಲ ತಿರುಗಣಿಗಳಿಗೆ ಎಣ್ಣೆ. ಗುಂಯ್‌ಗುಡುವ ಫ್ರಿಜ್ಜಿನ ಕಾಲಡಿಗೆ ರಬ್ಬರ್ ತುಂಡು. ಮೇಲಿನ ಮನೆಯವರು ನಲ್ಲಿ ಬಿಟ್ಟಾಗಲೆಲ್ಲ ಗುಡುಗುಡು ಎನ್ನುತ್ತಿದ್ದ ಅಡುಗೆಮನೆ ಗೋಡೆಯ ಪೈಪಿಗೆ ಹಳೆಯ ಕಂಬಳಿ ಸುತ್ತಿ ದಾರ ಬಿಗಿದ. ಕಡೆಗೆ ಗಡಿಯಾರದ ಬ್ಯಾಟರಿಯನ್ನೂ ತೆಗೆದ.

“ಟೈಮ್ ನೋಡೋದು ಹೇಗೋ?”

“ಫೋನಲ್ಲಿ ಇದ್ಯಲ್ಲ.”

ಇಷ್ಟಕ್ಕೆ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಒಂದು ಸಂಜೆ ನನಗೆಂದು ಮೆತ್ತನೆ ಬಟ್ಟೆಯ ಚಪ್ಪಲಿ ತಂದ. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದ ಮೇಲೆ ಹೊಳೆಯಿತು: ಇವನಿಗೆ ಈಗ ನನ್ನ ಹೆಜ್ಜೆಯ ಸದ್ದೂ ಬೇಡ. ಅವತ್ತು ನನಗೆ ಊಟ ಸೇರಲಿಲ್ಲ.

ಹತ್ತೊಂಬತ್ತನೇ ವಾರದಲ್ಲಿ ಮಗು ಮೊದಲ ಸಲ ಒದ್ದಾಗ ಪಾತ್ರೆ ತೊಳೆಯುತ್ತಿದ್ದೆ. ಸೋಪಿನ ಕೈಯಲ್ಲೇ ಅವನ ಅಂಗಿ ಹಿಡಿದೆಳೆದು “ಒದೀತು ಕಣೋ!” ಎಂದು ಕೂಗಿದೆ.

“ಹೂಂ” ಎಂದ.

ಅಷ್ಟೇ. ನನ್ನ ಹೊಟ್ಟೆಯನ್ನು ನೋಡಿದ, ನಲ್ಲಿಯನ್ನು ನೋಡಿದ, ಸ್ಪ್ಯಾನರ್ ತರಲು ಒಳಗೆ ಹೋದ. ನಾನು ಕೈಯಿಂದ ಸೋಪು ಇಳಿಯುತ್ತಿರುವಂತೆಯೇ ನಿಂತಿದ್ದೆ. ಅಷ್ಟು ಸಂತೋಷದ ಸುದ್ದಿ ಹೇಳಿಯೂ ನನಗೆ ಅಳು ಬರುವಂತಾಯಿತು.

“ಬಂದ್ಬಿಡೇ ಇಲ್ಲಿಗೆ” ಎಂದಳು ಫೋನಿನಲ್ಲಿ ಅಕ್ಕ. ಪಕ್ಕದ ಊರಿನಲ್ಲಿರುವ ಅವಳಿಗೆ ಮೂರು ಮಕ್ಕಳು. “ಹೆರಿಗೆ ಮುಗಿಸ್ಕೊಂಡೇ ಹೋಗುವಿಯಂತೆ. ನಮ್ಮನೇಲಿ ಬೇರೆ ಏನಿಲ್ಲದಿದ್ರೂ ಗಲಾಟೆಗೇನೂ ಕಮ್ಮಿ ಇಲ್ಲ.”

ಅವಳ ಹಿಂದೆ ಯಾರೋ ಯಾರನ್ನೋ ಹೊಡೆದು, ಇನ್ಯಾರೋ ಚಾಡಿ ಹೇಳುತ್ತಿದ್ದರು. ಕೇಳಿ ಹೊಟ್ಟೆ ತುಂಬಿತು. ಭಾನುವಾರ ಬರುತ್ತೇನೆ ಎಂದೆ. ರಜೆಯ ಅರ್ಜಿ ಬರೆದೆ. ಮಂಚದ ಕೆಳಗಿನಿಂದ ಚೀಲ ಎಳೆದು ಸೀರೆಗಳನ್ನು ತುಂಬತೊಡಗಿದೆ. ಅವನು ನೋಡಿದ. “ಅಕ್ಕನ ಮನೇಲಿ ಚೆನ್ನಾಗಿ ನೋಡ್ಕೋತಾರೆ” ಎಂದ.

ಹೋಗಬೇಡ ಎನ್ನಲಿ ಎಂದಷ್ಟೇ ನಾನು ಕಾದಿದ್ದೆ. ಈ ಮಗು ನನಗೂ ಬೇಕು ಎಂಬ ಒಂದು ಮಾತು ಅವನ ಬಾಯಿಂದ ಬಂದಿದ್ದರೆ ಚೀಲವನ್ನು ಅಲ್ಲೇ ಮಗುಚಿಬಿಡುತ್ತಿದ್ದೆ. ಅದು ಬರದಿದ್ದರೆ ನಾನು ಹೋಗುವುದು ನಾಲ್ಕು ತಿಂಗಳ ಮಟ್ಟಿಗೆ ಮಾತ್ರವಲ್ಲ ಎಂದು ನನಗೆ ಆಗಲೇ ಅನ್ನಿಸಿಬಿಟ್ಟಿತ್ತು.

ಶುಕ್ರವಾರ ಬೆಳಿಗ್ಗೆ ಒಂದು ಖಾಲಿ ಚೀಟಿ ತೆಗೆದುಕೊಂಡೆ. ವಿಳಾಸದ ಜಾಗದಲ್ಲಿ ನಮ್ಮ ಮನೆಯ ವಿಳಾಸ ಬರೆದೆ. ದೂರು: ಮನೆಯಲ್ಲಿ ಶಬ್ದವಿಲ್ಲ. ಎಂದಿನಿಂದ: ಹನ್ನೆರಡನೇ ವಾರದಿಂದ. ಅವನಿಗೆ ಹೋಗುವ ಚೀಟಿಗಳ ಕಟ್ಟಿನಲ್ಲಿ ಎಲ್ಲಕ್ಕಿಂತ ಕೆಳಗೆ ಸೇರಿಸಿ, ತಲೆನೋವು ಎಂದು ಹೇಳಿ ಮಧ್ಯಾಹ್ನವೇ ಮನೆಗೆ ಬಂದೆ.

ಬಂದ ದೂರನ್ನು ಅದೇ ದಿನ ಹೋಗಿ ನೋಡಬೇಕು ಎಂಬುದು ನಮ್ಮ ಕಚೇರಿಯ ಕಾನೂನು. ನಾಲ್ಕು ಗಂಟೆಗೆ ಕರೆಗಂಟೆ ಸದ್ದು ಮಾಡಿತು. ಬೀಗದ ಕೈ ಅವನ ಜೇಬಿನಲ್ಲೇ ಇರುತ್ತದೆ, ಆದರೂ ಗಂಟೆ.

ಬಾಗಿಲು ತೆಗೆದೆ. ಖಾಕಿ ಅಂಗಿ, ಭುಜಕ್ಕೆ ಕೋಲು, ಕೈಯಲ್ಲಿ ಚೀಟಿ. ಪರಿಚಯವೇ ಇಲ್ಲದವನ ಹಾಗೆ ನಿಂತಿದ್ದ.

“ದೂರು ಕೊಟ್ಟೋರು ನೀವೇನಾ, ಮೇಡಂ?”

ನಗು ಬರುವುದರಲ್ಲಿತ್ತು. ಬಿಗಿಹಿಡಿದೆ. “ಹೌದು. ಎಷ್ಟೊತ್ತಿಗೆ ಬರೋದು ನೀವು? ಬೆಳಿಗ್ಗೆಯಿಂದ ಕಾಯ್ತಿದ್ದೀನಿ.”

“ನಿಮ್ಮದು ಎಲ್ಲಕ್ಕಿಂತ ಕೆಳಗಿತ್ತು.” ಒಳಗೆ ಬಂದು ಚಪ್ಪಲಿ ಬಿಟ್ಟ. ನನ್ನ ಕಾಲನ್ನು ನೋಡಿದ. ಬಟ್ಟೆಯ ಚಪ್ಪಲಿ ಇರಲಿಲ್ಲ, ಬರಿಗಾಲು. “ಶಬ್ದ ಬರ್ತಿದೆ ಅಂತ ದೂರು ಕೊಡೋರನ್ನ ನೋಡಿದ್ದೀನಿ. ಇಲ್ಲ ಅಂತ ಕೊಟ್ಟೋರು ನೀವೇ ಮೊದಲು.”

“ಹೊಸ ಥರದ ಗಂಡ ಇದ್ರೆ ಹೊಸ ಥರದ ದೂರು ಇರುತ್ತೆ.”

ಅವನ ಕಿವಿ ಕೆಂಪಾಯಿತು. ಏಳು ವರ್ಷವಾದರೂ ಅದೊಂದು ಬದಲಾಗಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಚೀಟಿಯನ್ನು ತೊಡೆಯ ಮೇಲೆ ನೇರ ಮಾಡಿಕೊಂಡು, ಪೆನ್ನು ತೆಗೆದ. “ಯಾವ ಶಬ್ದ ಇಲ್ಲ?”

“ನಿಂದು” ಎಂದೆ. ಮೇಡಂ ಆಟ ಅಲ್ಲಿಗೆ ಮುಗಿಯಿತು. “ನಿಂದು ಕಣೋ. ಗಡಿಯಾರ ನಿಲ್ಲಿಸ್ದೆ, ನಲ್ಲಿ ನಿಲ್ಲಿಸ್ದೆ, ನನ್ನ ಕಾಲಿಗೂ ಬಟ್ಟೆ ಸುತ್ತಿದೆ. ಮಗು ಒದೀತು ಅಂದ್ರೆ ಹೂಂ ಅಂತೀಯ. ನಾನು ಹೊರಟಿದ್ದೀನಿ ಅಂದ್ರೆ ಅಕ್ಕ ಚೆನ್ನಾಗಿ ನೋಡ್ಕೋತಾಳೆ ಅಂತೀಯ. ನಿನಗೆ ಈ ಮಗು ಬೇಡ್ವಾ? ಬೇಡ ಅಂದ್ರೆ ಬೇಡ ಅಂತನಾದ್ರೂ ಹೇಳು. ಅದೂ ಒಂದು ಶಬ್ದವೇ.”

ಪೆನ್ನು ಅವನ ಕೈಯಿಂದ ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ. ಕೋಲಿನ ತಲೆಯ ಬಟ್ಟಲನ್ನು ತಿರುಗಿಸಿದ. ಅದು ಕಳಚಿ ಅವನ ಅಂಗೈಗೆ ಬಂತು.

“ದಿನಾ ಬೆಳಗಿನ ಜಾವ, ನೀನು ಏಳೋಕೆ ಮುಂಚೆ,” ಎಂದ, “ಇದನ್ನ ನಿನ್ನ ಹೊಟ್ಟೆ ಮೇಲಿಟ್ಟು ಕೇಳ್ತೀನಿ.”

ನಾನು ಮೆಲ್ಲಗೆ ಅವನೆದುರು ಕೂತೆ.

“ಮೊದಮೊದಲು ಏನೂ ಕೇಳಿಸ್ಲಿಲ್ಲ. ಗಡಿಯಾರ ಅಡ್ಡ ಬರ್ತಿತ್ತು. ಫ್ರಿಜ್ಜು, ನಲ್ಲಿ, ಆ ಪೈಪು. ಅದಕ್ಕೇ ಒಂದೊಂದಾಗಿ ನಿಲ್ಲಿಸ್ದೆ. ಚಪ್ಪಲಿ ಮಾತ್ರ ಮಗುಗೆ ನಿದ್ದೆ ಕೆಡದಿರ್ಲಿ ಅಂತ. ನಿನ್ನ ಹೆಜ್ಜೆ ನನಗೆ ಬೇಡ ಅಂತ ಅಲ್ಲ ಕಣೆ.”

“ಇದನ್ನ ನನಗೆ ಹೇಳೋಕೆ ಏನಾಗಿತ್ತೋ ನಿನಗೆ?”

“ಹೇಳಿದ್ರೆ ಗುರುತು ಹಾಕಿದ ಹಾಗೆ. ಹೋದ ಸಲ ಹಾಕಿದ್ನಲ್ಲ. ನೀನು ಅದನ್ನ ಒರೆಸ್ತಿದ್ದೆ, ನಾನು...” ಬಟ್ಟಲನ್ನು ಮಂಡಿಯ ಮೇಲಿಟ್ಟು ಮತ್ತೆ ಶುರುಮಾಡಿದ. “ಮೂರು ದಿನದಿಂದ ಒಂದು ಶಬ್ದ ಕೇಳಿಸ್ತಿದೆ. ಸುಯ್... ಸುಯ್... ಅಂತ. ಒಂದೇ ಜಾಗದಲ್ಲಿ, ಮೂರು ದಿನವೂ. ನನಗೆ ಆ ಶಬ್ದ ಗೊತ್ತು. ಹೊಟ್ಟೆಪಾಡಿಗೆ ನಾನು ಹುಡುಕೋದೇ ಅದನ್ನ. ಎಲ್ಲೋ ಸೋರ್ತಿದೆ ಕಣೆ. ಹೇಳಿದ್ರೆ ನೀನು ಹೆದರ್ತೀಯ ಅಂತ, ನೀನು ಅಕ್ಕನ ಮನೆಗೆ ಹೋದ್ಮೇಲೆ ಒಬ್ಬನೇ ಹೋಗಿ ಕ್ಲಿನಿಕ್ಕಿನ ಸಿಸ್ಟರ್ ಹತ್ರ ಕೇಳೋಣ ಅಂತಿದ್ದೆ.”

ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ಒಳಗಿನಿಂದ ಎಂದಿನಂತೆ ಒಂದು ಒದೆ ಬಿತ್ತು.

“ಮೂರು ದಿನ ಒಬ್ಬನೇ ಇದನ್ನ ಹೊತ್ಕೊಂಡು ತಿರುಗಿದೆಯಾ?” ಎಂದೆ. ಸಿಟ್ಟು, ಭಯ, ಪ್ರೀತಿ ಮೂರೂ ಒಟ್ಟಿಗೆ ಬಂದು ಯಾವುದನ್ನು ಮೊದಲು ಆಡುವುದು ತಿಳಿಯಲಿಲ್ಲ. “ಏಳು. ಈಗಲೇ ಹೋಗೋಣ.”

ಕ್ಲಿನಿಕ್ಕು ಹಿಂದಿನ ಬೀದಿಯಲ್ಲೇ. ಗಾಬರಿಯಲ್ಲಿ ಅವನು ಕೋಲನ್ನೂ ತಂದುಬಿಟ್ಟಿದ್ದ. ಕಾಯುತ್ತ ಕೂತ ಹೆಂಗಸರೆಲ್ಲ ಅದನ್ನೇ ನೋಡುತ್ತಿದ್ದರು. ನನ್ನ ಕೈಯನ್ನು ಅವನು ಬಿಟ್ಟಿರಲಿಲ್ಲ.

ಸಿಸ್ಟರ್ ವಯಸ್ಸಾದವರು. ಕನ್ನಡಕದ ಮೇಲಿನಿಂದ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಬಟ್ಟಲನ್ನು ಈಸಿಕೊಂಡು ತಿರುಗಿಸಿ ನೋಡಿದರು. ಡ್ರಾಯರಿನಿಂದ, ಬಸುರಿಯರ ಹೊಟ್ಟೆಗಿಟ್ಟು ಕೇಳುವ ತಮ್ಮದೊಂದು ಮರದ ಕೊಳವೆ ತೆಗೆದು ಪಕ್ಕಕ್ಕಿಟ್ಟರು. ಎರಡೂ ಅಣ್ಣತಮ್ಮಂದಿರ ಹಾಗಿದ್ದವು.

“ನಿಮ್ದೂ ನಮ್ದೂ ಒಂದೇ ಕಸುಬು ಹಾಗಾದ್ರೆ” ಎಂದರು. “ಬನ್ನಿ, ಕೇಳಿ ನೋಡೋಣ. ಆದ್ರೆ ಒಂದು ಕೈಯಲ್ಲಿ ಇವರ ನಾಡಿ ಹಿಡ್ಕೊಳ್ಳಿ.”

ಅವನು ಬಾಗಿ ಹೊಟ್ಟೆಗೆ ಬಟ್ಟಲಿಟ್ಟು, ಬಟ್ಟಲಿಗೆ ಕಿವಿಯಿಟ್ಟ. ಕಣ್ಣು ಮುಚ್ಚಿದ. ರಸ್ತೆಯಲ್ಲಿ ಅವನು ಹೀಗೆ ಕೇಳುವುದನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಕದ್ದು ನೋಡಿದ್ದೇನೆ. ಲೋಕದಲ್ಲಿ ಬೇರೇನೂ ಇಲ್ಲವೆಂಬಂತೆ ಕೇಳುತ್ತಾನೆ. ಆ ಮುಖ ನನ್ನ ಹೊಟ್ಟೆಯ ಮೇಲೆ ದಿನವೂ ಬಾಗುತ್ತಿತ್ತು, ನಾನು ನಿದ್ದೆಯಲ್ಲಿದ್ದೆ. ಅವನ ಬೆರಳುಗಳು ನನ್ನ ಮಣಿಕಟ್ಟಿನ ಮೇಲಿದ್ದವು.

“ಎರಡೂ ಒಟ್ಟಿಗೆ ಬರ್ತಿದೆ” ಎಂದ ಕಣ್ಣು ಬಿಡದೆ. “ಇವಳ ನಾಡಿ, ಈ ಶಬ್ದ. ಎರಡೂ ಒಂದೇ.”

“ಇವರ ರಕ್ತ ಅದು. ಮಗುವಿಗೆ ಹೋಗ್ತಿದೆ. ಸೋರ್ತಿಲ್ಲಪ್ಪಾ, ಸಪ್ಲೈ ಆಗ್ತಿದೆ.”

ಅವನು ತಲೆ ಎತ್ತಲಿಲ್ಲ. ಸಿಸ್ಟರ್ ಯಂತ್ರ ತಂದು ಹೊಟ್ಟೆಯ ಇನ್ನೊಂದು ಕಡೆ ಒತ್ತಿ ಹಿಡಿದರು. ಕೋಣೆಯ ತುಂಬ ಟಕಟಕಟಕ ಎಂದು ಓಡುವ ಸದ್ದು, ಯಾರೋ ಲೇಟಾಗಿ ಬಸ್ಸಿಗೆ ಓಡುತ್ತಿರುವ ಹಾಗೆ. “ಇದು ಮಗುವಿನದು” ಎಂದರು. ಆಗ ಅವನು ಅತ್ತ. ಸದ್ದು ಮಾಡಿಯೇ ಅತ್ತ. ಎರಡು ವರ್ಷದ ಹಿಂದೆ ನನ್ನ ಜೊತೆ ಅಳಬೇಕಾಗಿದ್ದವನು ಈಗ ಅಳುತ್ತಿದ್ದಾನೆ ಎನ್ನಿಸಿ ನಾನು ಅವನ ತಲೆಯನ್ನು ಎದೆಗೊತ್ತಿಕೊಂಡೆ.

ಹೊರಡುವಾಗ ಕಣ್ಣೊರೆಸಿಕೊಂಡು ಕೇಳಿದ, “ಸಿಸ್ಟರ್, ಮಗು ಬರೋ ಹೊತ್ತಿಗೆ ಮನೇನ ಇನ್ನೂ ಎಷ್ಟು ನಿಶ್ಶಬ್ದ ಮಾಡ್ಬೇಕು?”

“ಯಾಕ್ರೀ ಮಾಡ್ಬೇಕು? ಒಳಗೆ ಅದಕ್ಕೆ ಇಡೀ ದಿನ ನಲ್ಲಿ ಬಿಟ್ಟ ಹಾಗೆ ಸದ್ದು. ಅಷ್ಟು ಗಲಾಟೆಯಲ್ಲಿ ಇದ್ದು ಬರೋ ಮಗುಗೆ ಬಿಕೋ ಅನ್ನೋ ಮನೆ ಕಂಡ್ರೇನೇ ದಿಗಿಲು. ನೀವು ಮಾತಾಡಿ. ಅದು ಕೇಳಿಸ್ಕೊಳ್ಳೋಕೆ ಶುರುಮಾಡೋ ಹೊತ್ತೇ ಇದು.”

ಮನೆಗೆ ಬಂದವನೇ ಚಾಕು ತಂದು ಪೈಪಿನ ಕಂಬಳಿಯ ದಾರ ಕೊಯ್ದ. ಗಡಿಯಾರಕ್ಕೆ ಬ್ಯಾಟರಿ ಹಾಕಿದ. ಆಮೇಲೆ ನನ್ನ ಕೈಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಬೀರುವಿನ ಪಕ್ಕದ ಮೂಲೆ ತೋರಿಸಿದ.

“ಇಲ್ಲಿ. ಇಡೀ ಮನೇಲಿ ಎಲ್ಲಕ್ಕಿಂತ ಕಮ್ಮಿ ಸದ್ದಿರೋ ಜಾಗ ಇದು. ಒಂದೊಂದು ಮೂಲೇಲೂ ಕೋಲಿಟ್ಟು ಕೇಳಿದ್ದೀನಿ. ತೊಟ್ಟಿಲಿಗೆ ಅಂತ.”

“ಅಂದ್ರೆ ನೋಡೋಣ ನೋಡೋಣ ಅಂತಿದ್ದಾಗ...”

“ನಿಜವಾಗ್ಲೂ ನೋಡ್ತಾನೇ ಇದ್ದೆ.”

ನಾನು ನಕ್ಕೆ. ಎಷ್ಟು ನಕ್ಕೆನೆಂದರೆ ಸೊಂಟ ಹಿಡಿದು ಗೋಡೆಗೆ ಒರಗಬೇಕಾಯಿತು. ಇಷ್ಟು ದಿನ ಕಷ್ಟಪಟ್ಟು ಹುಡುಕಿದ ಆ ಒಳ್ಳೆಯ ಮೂಲೆಯನ್ನು ಬಿಟ್ಟು ಇಬ್ಬರೂ ಅದೇ ಕೋಣೆಯಲ್ಲಿ, ಅಡುಗೆಮನೆಯ ಗೋಡೆಯ ಈಚೆ ಬಂದು ನಿಂತೆವು. ಮೇಲಿನವರು ನಲ್ಲಿ ಬಿಟ್ಟರು. ಪೈಪು ಗುಡುಗುಡು ಎಂದಿತು. ಆಚೆ ನನ್ನ ಒಲೆ, ಪಾತ್ರೆ, ಬೈಗುಳ.

“ಇಲ್ಲೇನಾ?” ಎಂದ.

“ಇಲ್ಲೇ.”

ಮಂಡಿಯೂರಿದ. ಜೇಬಿನಿಂದ ಹಳದಿ ಸೀಮೆಸುಣ್ಣ ತೆಗೆದ. ನೆಲಕ್ಕೆ ತಾಗಿಸಿ ಹಾಗೇ ತಡೆದ. ಅವನ ಕುತ್ತಿಗೆಯ ಹಿಂಭಾಗ ನನಗೆ ಕಾಣುತ್ತಿತ್ತು, ಬೆವರುತ್ತಿತ್ತು. ಬೇಡವಾದರೆ ಬಿಡು ಎನ್ನೋಣವೆನ್ನಿಸಿತು. ಎನ್ನಲಿಲ್ಲ. ಒಂದು ಗೆರೆ ಎಳೆದ, ಆಮೇಲೆ ಇನ್ನೊಂದು.

“ಗಟ್ಟಿಯಾಗಿ ಎಳಿ, ಕಾಣಿಸ್ತಿಲ್ಲ” ಎಂದೆ.

ಚೌಕ ಮುಗಿಸಿ, ಕೂತಲ್ಲಿಂದಲೇ ನನ್ನ ಕಡೆ ತಿರುಗಿ, ಮರದ ಬಟ್ಟಲನ್ನು ಹೊಟ್ಟೆಯ ಮೇಲಿಟ್ಟ. ಈ ಸಲ ಕಿವಿ ಇಡಲಿಲ್ಲ, ಬಾಯಿ ಇಟ್ಟ. ಏನು ಹೇಳುವುದೆಂದು ತೋಚದೆ ಒದ್ದಾಡಿದ. ಕೊನೆಗೆ, ಊರಿನವರೆಲ್ಲ ನನಗೆ ಫೋನ್ ಮಾಡುವ ಹಾಗೆ ಶುರುಮಾಡಿದ.

“ಹಲೋ, ದೂರು ವಿಭಾಗನಾ? ನಾನು... ನಾನು ಅಪ್ಪ ಮಾತಾಡ್ತಿರೋದು. ನೀನು ಬೇಕು ಅಂತ ಹೇಳೋದಿತ್ತು. ಲೇಟಾಯ್ತು. ಮತ್ತೆ ನಿಮ್ಮಮ್ಮನಿಗೆ ಸ್ವಲ್ಪ ಹೇಳು, ಭಾನುವಾರ ಎಲ್ಲಿಗೂ ಹೋಗೋದು ಬೇಡ ಅಂತ.”

“ನಿಮ್ಮಮ್ಮ ಇಲ್ಲೇ ಇದ್ದಾಳೆ, ಕೇಳಿಸ್ಕೊಂಡಿದ್ದಾಳೆ” ಎಂದೆ. ಅವನ ಕೂದಲೊಳಗೆ ಬೆರಳಾಡಿಸುತ್ತ, ಅಕ್ಕನಿಗೆ ಯಾವ ಮುಖ ಹೊತ್ತುಕೊಂಡು ಹೇಳಲಿ ಎಂದು ಯೋಚಿಸುತ್ತಿದ್ದೆ.

ಅಕ್ಕ ಫೋನಿನಲ್ಲಿ ಚೆನ್ನಾಗಿ ಬೈದಳು, ಆಮೇಲೆ ಚೆನ್ನಾಗಿ ನಕ್ಕಳು. ಚೀಲದೊಳಗಿನ ಸೀರೆಗಳು ಬೀರುವಿಗೆ ಹೋದವು. ಡಬ್ಬಿಯೊಳಗಿನ ಪಟ್ಟಿ ಗೋಡೆಗೆ ಬಂತು.

ಸೋಮವಾರ ಹೊರಗಿನಿಂದ ಬಂದ ಚೀಟಿಗಳ ಕಟ್ಟನ್ನು ದೊಡ್ಡ ಸಾಹೇಬರು ಎಂದಿನಂತೆ ನೋಡಿ ಸಹಿ ಮಾಡುತ್ತಿದ್ದವರು, ಒಂದನ್ನು ಮಾತ್ರ ಎತ್ತಿ ಹಿಡಿದು ನನ್ನ ಮೇಜಿನ ಹತ್ತಿರ ಬಂದರು.

“ಏನಮ್ಮಾ ಇದು? ಮೂರು ದಿನ ಕೇಳದೆ ಒಂದು ಅಕ್ಷರ ಬರೆಯೋನಲ್ಲ ನಮ್ಮ ಕಿವಿರಾಯ. ಮುಂದೆ ಆಗೋದನ್ನೆಲ್ಲ ಬರೆಯೋಕೆ ಯಾವಾಗ ಶುರುಮಾಡ್ದ?”

ಚೀಟಿ ಈಸಿಕೊಂಡೆ. ‘ಕೈಗೊಂಡ ಕ್ರಮ’ದ ಎರಡು ಗೆರೆ ಸಾಲದೆ ಬರಹ ಅಂಚಿನವರೆಗೂ ಹೋಗಿತ್ತು.

‘ಖುದ್ದು ಪರಿಶೀಲಿಸಲಾಯಿತು. ಸೋರಿಕೆ ಇಲ್ಲ. ಸರಬರಾಜು ಸರಿಯಾಗಿದೆ. ಇನ್ನು ಹದಿನೆಂಟು ವಾರಗಳಲ್ಲಿ ಸದರಿ ವಿಳಾಸದಲ್ಲಿ ಭಾರಿ ಶಬ್ದ ಶುರುವಾಗಲಿದೆ. ಆಮೇಲೆ ದೂರು ಸ್ವೀಕರಿಸಲಾಗುವುದಿಲ್ಲ.’